ಚದುರಿದ ಭಾಷೆಗೆ ಒಂದು ಚಾನೆಲ್: ವಿಜಯಪುರ ಜಿಲ್ಲೆಯ ಲಂಬಾಣಿ ಕಾರ್ಯಕ್ರಮದ ಪ್ರಕರಣ

ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಕೆಲವರು ಸೇರಿ ಲಂಬಾಣಿ ಭಾಷೆಯಲ್ಲಿ ಟಿವಿ ಚಾನೆಲ್ ಶುರು ಮಾಡಲು ಹೊರಟರು. ಅವರು ಬಯಸಿದ ಚಾನೆಲ್ ಇನ್ನೂ ಬಂದಿಲ್ಲ. ಬೇರೆ ಚಾನೆಲ್‌ನಲ್ಲಿ ವಾರಕ್ಕೆ ಮೂರು ಸಂಜೆ ಒಂದು ಕಾರ್ಯಕ್ರಮ ನಡೆಯುತ್ತಿದೆ. ಸರ್ಕಾರದ ಪ್ರಸಾರ ನೀತಿಯಲ್ಲಿ ಸಣ್ಣ ಭಾಷೆಗೆ ಎಲ್ಲಿ ಬಾಗಿಲಿದೆ, ಎಲ್ಲಿ ಗೋಡೆಯಿದೆ ಎಂದು ಈ ಪ್ರಯತ್ನದಲ್ಲಿ ಬಹಳ ಸ್ಪಷ್ಟವಾಗಿ ಕಂಡಿತು. ತುಳು, ಕೊಡವ, ಕೊಂಕಣಿ, ಬ್ಯಾರಿ, ದಖನಿ ಹೀಗೆ ಯಾವುದೇ ಭಾಷೆಗೆ ಇಂಥ ಕೆಲಸ ಮಾಡಲು ಹೊರಟವರಿಗೆ ನೆರವಾಗಲಿ ಎಂದು ಪೂರ್ತಿ ಬರೆಯುತ್ತಿದ್ದೇನೆ.

ನಾನು ಪತ್ರಿಕೋದ್ಯಮ ಕಲಿಸುವವನು. ಮನೆಮಾತು ಕನ್ನಡ. ಅರ್ಜಿ, ಒಪ್ಪಂದ, ಮನವಿ ಬರೆಯುವ ಕೆಲಸದಲ್ಲಿ ಈ ಗುಂಪಿನ ಜೊತೆಗಿದ್ದೆ. ತಾಲ್ಲೂಕು, ತಾಂಡಾ, ಕೇಬಲ್ ಸಂಸ್ಥೆ, ಜನ ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗುವ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ಮುಖ್ಯವಾಗಿ ನಾಲ್ವರು. ಒಬ್ಬರು ನಿವೃತ್ತ ಹೆಡ್‌ಮಾಸ್ತರು, ಲಂಬಾಣಿ ಸಮಾಜದವರು. ಎರಡನೆಯವರು ಪಟ್ಟಣದ ಕೇಬಲ್ ಆಪರೇಟರ್, ಕನ್ನಡದವರು. ಮೂರನೆಯವರು ಒಂದು ತಾಂಡಾದ ನಾಯಕರು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿ ಆಮೇಲೆ ಸೇರಿದರು. ಅವರೇ ಮುಂದೆ ಕಾರ್ಯಕ್ರಮದ ನಿರೂಪಕಿ ಆದರು.

ಕಥೆ ಶುರುವಾಗುವುದು ಆಪರೇಟರ್‌ರಿಂದ. ಅನಲಾಗ್ ಕಾಲದಲ್ಲಿ ಅವರದೇ ಒಂದು ಲೋಕಲ್ ಚಾನೆಲ್ ಇತ್ತು. ಊರ ಜಾತ್ರೆ, ಶಾಲೆಯ ಗ್ಯಾದರಿಂಗ್, ಎಪಿಎಂಸಿ ದರ, ಸೀರೆ ಅಂಗಡಿ ಜಾಹೀರಾತು, ತೀರಿಹೋದವರ ಫೋಟೋ ಎಲ್ಲಾ ಅದರಲ್ಲೇ. ಭಾನುವಾರ ಲಂಬಾಣಿ ಭಜನೆ, ತೀಜ್ ಹಬ್ಬದ ಹಾಡು ಹಾಕುತ್ತಿದ್ದರು. ಯಾರ ಅನುಮತಿಯೂ ಕೇಳಬೇಕಿರಲಿಲ್ಲ. ಅವರ ಅಂಗಡಿಯ ಹಿಂದಿನ ಕೋಣೆಯಲ್ಲೇ ಹೆಡ್‌ಎಂಡ್, ಅಂದರೆ ಊರಿಗೆಲ್ಲ ಸಿಗ್ನಲ್ ಕಳಿಸುವ ಯಂತ್ರಗಳು, ಇತ್ತು. ಪ್ಲೇಯರಿಗೆ ಸಿಡಿ ಹಾಕಿದರೆ ಊರೆಲ್ಲಾ ನೋಡುತ್ತಿತ್ತು.

ಡಿಜಿಟಲೀಕರಣ ಬಂದ ಮೇಲೆ ಅದೆಲ್ಲ ನಿಂತಿತು. ದೇಶದಲ್ಲಿ ಇದು ನಾಲ್ಕು ಹಂತದಲ್ಲಿ ನಡೆಯಿತು. 2012ರಲ್ಲಿ ಮಹಾನಗರಗಳಿಂದ ಶುರುವಾಗಿ, ಕೊನೆಯ ಹಂತದ ಗಡುವು 2017ರ ಮಾರ್ಚ್ 31ಕ್ಕೆ ಮುಗಿಯಿತು. ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಸಿಗ್ನಲ್ ದೊಡ್ಡ ಊರಿನ ಎಂಎಸ್‌ಓ ಕಡೆಯಿಂದ ಬರತೊಡಗಿತು. ಎಂಎಸ್‌ಓ ಅಂದರೆ ಎಲ್ಲ ಚಾನೆಲ್ ಒಟ್ಟುಮಾಡಿ ಸಣ್ಣ ಆಪರೇಟರ್‌ಗಳಿಗೆ ಹಂಚುವ ಸಂಸ್ಥೆ. ನಮ್ಮ ಆಪರೇಟರ್ ಬರೀ ತಂತಿ ಎಳೆಯುವ, ತಿಂಗಳ ಹಣ ವಸೂಲಿ ಮಾಡುವ ಲಿಂಕ್ ಆಪರೇಟರ್ ಆದರು. ಚಿತ್ರದ ಗುಣಮಟ್ಟ ಸುಧಾರಿಸಿತು, ಚಾನೆಲ್ ಜಾಸ್ತಿಯಾದವು. ಊರಿನ ಚಾನೆಲ್ ಹೋಯಿತು, ಜೊತೆಗೆ ಲಂಬಾಣಿ ಭಾನುವಾರವೂ ಹೋಯಿತು. ಆಗ ಇದನ್ನು ಯಾರೂ ನಷ್ಟ ಎಂದು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ.

2022ರ ನವೆಂಬರ್ 30ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹೊಸ ಮಾರ್ಗಸೂಚಿ ಹೊರಡಿಸಿತು. ಎಂಎಸ್‌ಓಗಳು ನಡೆಸುವ ಲೋಕಲ್ ಚಾನೆಲ್‌ಗಳಿಗೆ ಪ್ಲಾಟ್‌ಫಾರ್ಮ್ ಸರ್ವೀಸ್ ಎಂದು ಹೆಸರಿಟ್ಟು ನಿಯಮ ಮಾಡಿತು. ಒಂದು ಚಾನೆಲ್‌ಗೆ ಒಂದೇ ಸಲ ಸಾವಿರ ರೂಪಾಯಿ ನೋಂದಣಿ ಶುಲ್ಕ. ಒಟ್ಟು ಚಾನೆಲ್ ಸಾಮರ್ಥ್ಯದಲ್ಲಿ ನೂರಕ್ಕೆ ಐದರಷ್ಟು ಮಾತ್ರ ಇಂಥವು ಇರಬಹುದು. ಅದರ ಮೇಲೆ, ಸ್ಥಳೀಯ ಅಗತ್ಯಕ್ಕೆ ಎಂದು ಪ್ರತಿ ಜಿಲ್ಲೆಗೆ ಎರಡು ಹೆಚ್ಚುವರಿ ಚಾನೆಲ್ ಕೊಡಬಹುದು. ಆಪರೇಟರ್ ಇದನ್ನು ಓದಿ ಸೀದಾ ಹೆಡ್‌ಮಾಸ್ತರ ಮನೆಗೆ ಹೋದರು. ಸಾವಿರ ರೂಪಾಯಿಗೆ ಚಾನೆಲ್ ಅಂದರೆ ಯಾರಿಗೆ ಆಸೆ ಹುಟ್ಟುವುದಿಲ್ಲ?

ಭಾಷೆ ಯಾವ ಪಟ್ಟಿಯಲ್ಲಿದೆ

ಮಾಸ್ತರಿಗೆ ಬೇಕಾಗಿದ್ದು ಇಪ್ಪತ್ನಾಲ್ಕು ತಾಸಿನ ಲಂಬಾಣಿ ಚಾನೆಲ್. ಅವರು ಮೊದಲು ಮಾಡಿದ ಕೆಲಸ ಜನಸಂಖ್ಯೆ ಹುಡುಕುವುದು. ಮನವಿಯಲ್ಲಿ ಇಷ್ಟು ಜನ ಈ ಭಾಷೆ ಆಡುತ್ತಾರೆ ಎಂದು ಬರೆಯಬೇಕಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ತಾಯ್ನುಡಿ ಎಂದು ಹೇಳಿದವರು ದೇಶದಲ್ಲಿ ಸುಮಾರು 33 ಲಕ್ಷ. ಬಂಜಾರಿ ಎಂದು ಬರೆಸಿದವರು ಬೇರೆ, ಸುಮಾರು 16 ಲಕ್ಷ. ಎರಡೂ ಇರುವುದು ಹಿಂದಿ ಎಂಬ ಗುಂಪಿನ ಒಳಗೆ. ಅಂದರೆ ಭಾಷೆಗಳ ಮುಖ್ಯ ಪಟ್ಟಿ ನೋಡಿದರೆ ಲಂಬಾಣಿ ಕಾಣುವುದೇ ಇಲ್ಲ, ಆ ಜನ ಹಿಂದಿಯವರ ಲೆಕ್ಕಕ್ಕೆ ಸೇರಿದ್ದಾರೆ.

ಮಾಸ್ತರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ನಮ್ಮವ್ವಗ ಹಿಂದಿ ಒಂದಕ್ಷರ ಬರತಿರಲಿಲ್ಲ" ಅಂದರು.

ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಲಂಬಾಣಿ ಅದರಲ್ಲಿಲ್ಲ. ತುಳು, ಕೊಡವವೂ ಇಲ್ಲ. ಸ್ವಂತ ಲಿಪಿಯಿಲ್ಲದ ಲಂಬಾಣಿಯನ್ನು ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ ಬರೆಯುತ್ತಾರೆ. ಸಮಾಜವೂ ಹಾಗೆಯೇ ಹಂಚಿಹೋಗಿದೆ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಗಳ ಪಟ್ಟಿ. ಒಂದೇ ಮಾತು, ಒಂದೇ ಹಾಡು, ಮೂರು ರಾಜ್ಯದಲ್ಲಿ ಮೂರು ಪಟ್ಟಿ. ಭಾಷೆ ಹೀಗೆ ಚದುರಿರುವುದೇ ಮುಂದೆ ಪ್ರತಿ ನಿಯಮದಲ್ಲೂ ಅಡ್ಡ ಬಂತು.

ಕಾನೂನಿನಲ್ಲಿ ಆಸರೆ ಇಲ್ಲವೇ ಇಲ್ಲ ಅಂತಲ್ಲ. ತನ್ನದೇ ಭಾಷೆ, ಲಿಪಿ ಅಥವಾ ಸಂಸ್ಕೃತಿ ಇರುವ ಯಾವುದೇ ಜನವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ ಎಂದು ಸಂವಿಧಾನದ 29ನೇ ವಿಧಿ ಹೇಳುತ್ತದೆ. ದೇಶದ ಬೇರೆ ಬೇರೆ ಪ್ರದೇಶಗಳ ಭಾಷೆ, ಸಂಸ್ಕೃತಿಗೆ ಸಾಕಷ್ಟು ಜಾಗ ಕೊಡಬೇಕು, ಅಲ್ಪಸಂಖ್ಯಾತರ ಮತ್ತು ಬುಡಕಟ್ಟು ಜನರ ವಿಶೇಷ ಅಗತ್ಯ ನೋಡಿಕೊಂಡು ಕಾರ್ಯಕ್ರಮ ಕೊಡಬೇಕು ಎಂದು 1990ರ ಪ್ರಸಾರ ಭಾರತಿ ಕಾಯ್ದೆ ಹೇಳುತ್ತದೆ. ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇವನ್ನೆಲ್ಲ ಮನವಿಯಲ್ಲಿ ಬರೆದೆವು. ಆದರೆ ಈ ಮಾತುಗಳು ನಾಳೆ ಸಂಜೆ ಏಳಕ್ಕೆ ಯಾವ ನಂಬರಿನಲ್ಲಿ ಕಾರ್ಯಕ್ರಮ ಬರುತ್ತದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಮಾರ್ಗಸೂಚಿಗಳು ಮತ್ತು ಒಪ್ಪಂದಗಳು.

ಮೊದಲ ದಾರಿ ಬೇಗ ಮುಚ್ಚಿತು

ಉಪಗ್ರಹ ಚಾನೆಲ್ ಬಗ್ಗೆ ಜಾಸ್ತಿ ಬರೆಯುವುದೇನಿಲ್ಲ. 2022ರ ಅಪ್‌ಲಿಂಕಿಂಗ್ (ಉಪಗ್ರಹಕ್ಕೆ ಸಿಗ್ನಲ್ ಕಳಿಸುವ) ಮಾರ್ಗಸೂಚಿ ಪ್ರಕಾರ ಅರ್ಜಿ ಹಾಕುವವರು ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಆಗಿರಬೇಕು. ಸುದ್ದಿಯಿಲ್ಲದ ಮೊದಲ ಚಾನೆಲ್‌ಗೆ ಐದು ಕೋಟಿ ರೂಪಾಯಿ ನಿವ್ವಳ ಆಸ್ತಿ, ಸುದ್ದಿ ಚಾನೆಲ್‌ಗೆ ಇಪ್ಪತ್ತು ಕೋಟಿ. ಅದರ ಮೇಲೆ ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿನ ಪ್ರಸಾರ ಸಾಧನ) ಬಾಡಿಗೆ, ಸ್ಟುಡಿಯೊ, ಸಿಬ್ಬಂದಿ. ಈ ಮೊತ್ತ ಎಲ್ಲ ಭಾಷೆಗೂ ಒಂದೇ. ಕೋಟಿಗಟ್ಟಲೆ ನೋಡುಗರಿರುವ ಭಾಷೆಗೂ ಅಷ್ಟೇ, ಕೆಲವು ಲಕ್ಷ ಜನರ ಭಾಷೆಗೂ ಅಷ್ಟೇ. ಸಣ್ಣ ಭಾಷೆಗೆ ಬೇರೆ ಮೆಟ್ಟಿಲು ಇಲ್ಲ. ಗುಂಪು ಈ ದಾರಿ ಬಿಟ್ಟಿತು.

ಸಮುದಾಯ ರೇಡಿಯೊ ಮಾಡೋಣ ಎಂದು ನಾನು ಹೇಳಿದ್ದೆ. 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಅದಕ್ಕೆ ಅವಕಾಶವಿದೆ. ಆದರೆ 100 ವ್ಯಾಟ್ ಟ್ರಾನ್ಸ್‌ಮಿಟರ್ ಹತ್ತಾರು ಕಿಲೋಮೀಟರ್ ಮುಟ್ಟುವುದಿಲ್ಲ. ನಮ್ಮ ತಾಂಡಾಗಳು ತಾಲ್ಲೂಕಿನ ಮೂಲೆ ಮೂಲೆಗೆ ಹರಡಿವೆ. ಜೊತೆಗೆ ಮಾಸ್ತರಿಗೆ ಟಿವಿಯೇ ಬೇಕಿತ್ತು. ಕಸೂತಿ, ಕುಣಿತ, ತೀಜ್ ಬುಟ್ಟಿಯ ಗೋಧಿ ಸಸಿ, ಇವನ್ನು ಕಣ್ಣಿಂದ ನೋಡಬೇಕು ಎಂಬುದು ಅವರ ವಾದ. ಆ ವಾದದಲ್ಲಿ ತಿರುಳಿತ್ತು. ಹಾಗಾಗಿ ಎಂಎಸ್‌ಓ ಮೂಲಕ ಪ್ಲಾಟ್‌ಫಾರ್ಮ್ ಸರ್ವೀಸ್ ಚಾನೆಲ್ ಎಂದು ನಿರ್ಧಾರವಾಯಿತು.

ತಾಂಡಾದ ಮಾಳಿಗೆ ಮೇಲೆ ಕಂಡದ್ದು

ಈ ಪ್ರಕರಣದ ದೊಡ್ಡ ತಿರುವು ಬಂದದ್ದು ಒಂದು ತಾಂಡಾದಲ್ಲಿ. ಮಾಸ್ತರು, ಆಪರೇಟರ್, ನಾನು ನೋಡುಗರನ್ನು ಮಾತನಾಡಿಸಲು ಹೋಗಿದ್ದೆವು. ನಾಯಕರು ನಮ್ಮ ಯೋಜನೆಯನ್ನು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಟಿವಿ ಎಲ್ಲಾರ ಮನ್ಯಾಗೂ ಐತ್ರಿ. ಕೇಬಲ್ ಯಾರ ಮನ್ಯಾಗೂ ಇಲ್ಲ. ತಿಂಗಳಾ ರೊಕ್ಕ ಕೊಡೂದು ಬ್ಯಾಡಂತ ಎಲ್ಲಾರೂ ಡಿಶ್ ಕೂಡಿಸ್ಯಾರ."

ತಲೆ ಎತ್ತಿ ನೋಡಿದರೆ ಮಾಳಿಗೆಗಳ ಮೇಲೆ ಸಾಲಾಗಿ ಡಿಶ್. ಬಹುಪಾಲು ಡಿಡಿ ಫ್ರೀ ಡಿಶ್. ದೂರದರ್ಶನದ ಈ ಸೇವೆ 2004ರಲ್ಲಿ ಶುರುವಾಯಿತು. ಒಂದು ಸಲ ಡಬ್ಬಿ, ಡಿಶ್ ಕೊಂಡರೆ ತಿಂಗಳ ಶುಲ್ಕ ಇಲ್ಲ. ಬಡವರ ಮನೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಆದರೆ ಅದರಲ್ಲಿ ಲೋಕಲ್ ಚಾನೆಲ್ ಬರುವುದಿಲ್ಲ. ಖಾಸಗಿ ಚಾನೆಲ್‌ಗೆ ಅಲ್ಲಿ ಜಾಗ ಬೇಕೆಂದರೆ ಇ-ಹರಾಜಿನಲ್ಲಿ ಕೂಗಬೇಕು. ಅದು ದೊಡ್ಡ ಕಂಪನಿಗಳ ಪೈಪೋಟಿ.

ಹಾಗಾದರೆ ನಮ್ಮ ಚಾನೆಲ್ ಯಾರಿಗೆ? ಪಟ್ಟಣದಲ್ಲಿ ಮನೆ ಮಾಡಿದ ಲಂಬಾಣಿ ನೌಕರರಿಗೆ, ಅವರ ಮಕ್ಕಳಿಗೆ. ಅವರಿಗೂ ಬೇಕು ನಿಜ. ಆದರೆ ಭಾಷೆ ದಿನಾ ಜೀವಂತವಾಗಿರುವುದು ತಾಂಡಾದಲ್ಲಿ, ಮಾಹಿತಿ ಜಾಸ್ತಿ ಬೇಕಾಗಿರುವುದೂ ತಾಂಡಾದಲ್ಲಿ. ಅನುಮತಿ ಸಿಗುತ್ತದೋ ಇಲ್ಲವೋ ಎಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವು. ನಾಯಕರು ಒಂದೇ ಮಾತಿನಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಇಂಥ ಕೆಲಸಕ್ಕೆ ಹೊರಟ ಯಾರೇ ಆಗಲಿ, ಅರ್ಜಿ ಬರೆಯುವ ಮೊದಲು ನೋಡುಗರ ಮಾಳಿಗೆ ನೋಡಿ ಬರಬೇಕು.

ಇಲ್ಲಿ ಆಪರೇಟರ್ ಒಂದು ನಿರ್ಧಾರ ಮಾಡಿದರು. ಮುಖ್ಯ ರಸ್ತೆಗೆ ಹತ್ತಿರವಿರುವ ಕೆಲವು ತಾಂಡಾಗಳಿಗೆ ಫೈಬರ್ ಎಳೆಯುವುದು, ಸಮುದಾಯ ಭವನ ಅಥವಾ ಸೇವಾಲಾಲ್ ಗುಡಿಯ ಕಟ್ಟೆ ಹತ್ತಿರ ಒಂದು ಟಿವಿ ಇಡುವುದು, ಅದಕ್ಕೆ ಹಣ ಕೇಳದಿರುವುದು. ಇದು ದಾನವಲ್ಲ. ಅದೇ ಫೈಬರ್‌ನಲ್ಲಿ ಮನೆಗಳಿಗೆ ಇಂಟರ್ನೆಟ್ ಮಾರಬಹುದು ಎಂಬ ಲೆಕ್ಕ ಅವರಿಗಿತ್ತು. ಅದನ್ನು ಮುಚ್ಚಿಡಲಿಲ್ಲ, ನಾಯಕರ ಮುಂದೆಯೇ ಹೇಳಿದರು. ನಾಯಕರಿಗೂ ಅದು ಸರಿ ಅನ್ನಿಸಿತು. ವ್ಯಾಪಾರದ ಕಾರಣ ಇದ್ದದ್ದರಿಂದಲೇ ಈ ಭಾಗ ಇಂದಿಗೂ ಉಳಿದಿದೆ ಎಂದು ನನಗನಿಸುತ್ತದೆ.

ಚಾನೆಲ್ಲೋ, ಒಂದು ತಾಸೋ

ಮುಂದಿನ ಜಗಳ ಗುಂಪಿನ ಒಳಗೇ ನಡೆಯಿತು. ಎಂಎಸ್‌ಓ ತನಗೆ ಜಿಲ್ಲೆಯಲ್ಲಿ ಸಿಗುವ ಹೆಚ್ಚುವರಿ ಚಾನೆಲ್‌ಗಳಲ್ಲಿ ಒಂದನ್ನು ಕನ್ನಡ ಲೋಕಲ್ ಚಾನೆಲ್ ಮಾಡಲು ಹೊರಟಿತ್ತು. ಅದರಲ್ಲಿ ಸಂಜೆ ಒಂದು ತಾಸು ಲಂಬಾಣಿಗೆ ಕೊಡುತ್ತೇವೆ ಎಂದಿತು. ಪ್ರತ್ಯೇಕ ಚಾನೆಲ್ ಕೊಡಲು ಒಪ್ಪಲಿಲ್ಲ.

"ಒಂದು ತಾಸು ಅಂದ್ರ ಬಾಡಿಗಿ ಮನಿ ಇದ್ದಂಗ. ಮಾಲಕ ಯಾವಾಗ ಬೇಕಾದ್ರೂ ಖಾಲಿ ಮಾಡ್ರಿ ಅಂತಾನ" ಅಂದರು ಮಾಸ್ತರು.

"ಮಾಸ್ತರ, ಇಪ್ಪತ್ನಾಕು ತಾಸು ತುಂಬಾಕ ನಮ್ಮ ಹತ್ರ ಏನೈತ್ರಿ? ಒಂದ ಭಜನಿ ಹತ್ತು ಸಲ ಹಾಕಿದ್ರ ನಿಮ್ಮ ಮಂದಿನ ಬಂದ್ ಮಾಡತಾರ" ಅಂದರು ಆಪರೇಟರ್.

ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಬ್ರಿಟನ್‌ನ ವೇಲ್ಸ್‌ನಲ್ಲಿ ಇದೇ ವಾದ ನಡೆದಿತ್ತು ಎಂದು ನಾನು ಮಾಸ್ತರಿಗೆ ಹೇಳಿದೆ. ಅಲ್ಲಿ ವೆಲ್ಷ್ ಕಾರ್ಯಕ್ರಮಗಳು ಬೇರೆ ಬೇರೆ ಚಾನೆಲ್‌ಗಳಲ್ಲಿ ಹಂಚಿಹೋಗಿದ್ದವು. ಎಲ್ಲವನ್ನೂ ಒಂದೇ ಚಾನೆಲ್‌ಗೆ ತರುತ್ತೇವೆ ಎಂದು 1979ರ ಚುನಾವಣೆಯಲ್ಲಿ ಹೇಳಿದ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಹಿಂದೆ ಸರಿಯಿತು. ಜನ ಟಿವಿ ಲೈಸೆನ್ಸ್ ಶುಲ್ಕ ಕಟ್ಟಲು ನಿರಾಕರಿಸಿದರು. 1980ರಲ್ಲಿ ರಾಜಕೀಯ ನಾಯಕ ಗ್ವಿನ್ಫರ್ ಎವನ್ಸ್ ಆಮರಣ ಉಪವಾಸ ಕೂರುತ್ತೇನೆ ಎಂದರು. ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಎಸ್‌4ಸಿ ಚಾನೆಲ್ ಶುರುವಾಯಿತು.

ಮಾಸ್ತರಿಗೆ ಈ ಕಥೆ ಬಹಳ ಹಿಡಿಸಿತು. ಆದರೆ ವೆಲ್ಷ್‌ಗೂ ಲಂಬಾಣಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ವೆಲ್ಷ್‌ಗೆ ವೇಲ್ಸ್ ಎಂಬ ನೆಲ ಇದೆ. ಚಾನೆಲ್‌ಗೆ ಗಡಿ ಹಾಕಬಹುದು. ಲಂಬಾಣಿಗೆ ಹೋಲುವುದು ಉತ್ತರ ಯುರೋಪಿನ ಸಾಮಿ ಜನರ ಸ್ಥಿತಿ. ಅವರು ಹಲವು ದೇಶಗಳಲ್ಲಿ ಚದುರಿದ್ದಾರೆ. ಅಲ್ಲಿ 2001ರಿಂದ ನಾರ್ವೆ, ಸ್ವೀಡನ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಸೇರಿಕೊಂಡು ಸಾಮಿ ಭಾಷೆಯ ಟಿವಿ ಸುದ್ದಿ ಮಾಡತೊಡಗಿದವು. ಆಮೇಲೆ ಫಿನ್‌ಲ್ಯಾಂಡ್ ಕೂಡ ಸೇರಿತು. ಪ್ರತ್ಯೇಕ ಚಾನೆಲ್ ಇಲ್ಲದೆಯೇ ಒಂದೇ ಸುದ್ದಿ ಹಲವು ದೇಶಗಳಲ್ಲಿ ಹೋಯಿತು. ನಮಗೆ ಬೇಕಾಗಿದ್ದು ಈ ಮಾದರಿ, ಅಲ್ವಾ?

ಕೊನೆಗೆ ನಿರೂಪಕಿಯಾಗಲಿದ್ದ ಹುಡುಗಿ ದಾರಿ ತೋರಿದರು. "ಕಾಕಾ, ಮೊದಲ ಅರ್ಧ ತಾಸು ಚಲೋ ಮಾಡೂಣು. ಅದು ಗಟ್ಟಿಯಾಗಿ ನೆಲಿ ನಿಂತ ಮ್ಯಾಲ ಚಾನೆಲ್ ಕೇಳೂಣು" ಎಂದರು. ಮಾಸ್ತರು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಸಮಯ, ವಾರಕ್ಕೆ ಎಷ್ಟು ದಿನ, ಚಿತ್ರೀಕರಣದ ಹಕ್ಕು ಯಾರದು, ಇಷ್ಟೂ ಬರವಣಿಗೆಯಲ್ಲಿ ಬೇಕು. ಎಂಎಸ್‌ಓ ಬಾಯಿಮಾತು ಸಾಕು ಎಂದಿತು. ಮಾಸ್ತರು ಪಟ್ಟು ಬಿಡಲಿಲ್ಲ. ಅವರು ಅಂದು ಸಡಿಲ ಬಿಟ್ಟಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ.

ಸುದ್ದಿ ಬಿಟ್ಟು ಏನು ಹೇಳಬಹುದು

ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ. ಸ್ಥಳೀಯ ಸುದ್ದಿ, ಪ್ರಚಲಿತ ವಿಷಯ ಕೊಡಬೇಕೆಂದರೆ ಎಂಎಸ್‌ಓ ಕಂಪನಿಯಾಗಿ ನೋಂದಣಿ ಆಗಿರಬೇಕು. ಈ ಎಂಎಸ್‌ಓ ಪಾಲುದಾರಿಕೆ ಸಂಸ್ಥೆ. ಹಾಗಾಗಿ ಸುದ್ದಿ ಬೇಡ ಎಂದರು. ಎಲ್ಲಾ ಕಾರ್ಯಕ್ರಮದ ಧ್ವನಿಮುದ್ರಿಕೆ, ದೃಶ್ಯ 90 ದಿನ ಇಟ್ಟುಕೊಳ್ಳಬೇಕು ಎಂಬ ನಿಯಮವೂ ಇದೆ. ಎಂಎಸ್‌ಓ ಹುಷಾರಾಗಿತ್ತು. ಅದಕ್ಕೆ ಕಾರಣವೂ ಇತ್ತು, ದೂರು ಬಂದರೆ ಹೊಣೆ ಅವರದು.

ಸುದ್ದಿ ಇಲ್ಲದೆ ಬರೀ ಹಾಡು ಕುಣಿತ ಮಾಡಿದರೆ ಆ ಭಾಷೆಯನ್ನು ಹಬ್ಬದ ದಿನದ ಉಡುಪಿನಂತೆ ಪೆಟ್ಟಿಗೆಗೆ ಸೇರಿಸಿದ ಹಾಗಾಗುತ್ತದೆ ಎಂದು ಗುಂಪಿನಲ್ಲಿ ಚರ್ಚೆಯಾಯಿತು. ಜನ ಕೇಳುತ್ತಿದ್ದುದೇ ಬೇರೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಸುಮಾರು ಐವತ್ತು ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ರಮಕ್ಕೆ ಬಂದಿದ್ದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ 1,475 ದಾಖಲೆಯಿಲ್ಲದ ವಸತಿಗಳು ಹೊಸ ಕಂದಾಯ ಗ್ರಾಮಗಳಾಗಿದ್ದವು. ಅದರಲ್ಲಿ ತಾಂಡಾಗಳು ಬಹಳ. ಹಕ್ಕುಪತ್ರ ಸಿಕ್ಕವರು ಮುಂದೇನು ಎಂದು ಕೇಳುತ್ತಿದ್ದರು. ಸಿಗದವರು ಯಾಕಿಲ್ಲ ಎಂದು ಕೇಳುತ್ತಿದ್ದರು. ಮನೆಯ ಹೆಂಗಸಿನ ಹೆಸರು ಸೇರಿಸುವುದು ಹೇಗೆ, ಪಂಚಾಯಿತಿಯಲ್ಲಿ ಖಾತೆ ಹೇಗೆ, ಬ್ಯಾಂಕಿನವರು ಏನು ಕೇಳುತ್ತಾರೆ ಹೀಗೆ. ಈ ಪ್ರಶ್ನೆಗಳು ಲಂಬಾಣಿಯಲ್ಲಿ ಹುಟ್ಟುತ್ತಿದ್ದವು. ಉತ್ತರ ಇರುವುದು ಕಚೇರಿ ಕನ್ನಡದಲ್ಲಿ.

ಆದ್ದರಿಂದ ಸುದ್ದಿಯ ಬದಲು ಮಾಹಿತಿ ಎಂದು ನಿರ್ಧರಿಸಿದರು. ಯಾರನ್ನೂ ಟೀಕಿಸುವುದಿಲ್ಲ, ಇಂದು ಏನಾಯಿತು ಎಂದು ಹೇಳುವುದಿಲ್ಲ. ಒಂದು ಅರ್ಜಿ ತೆಗೆದುಕೊಂಡು ಅದನ್ನು ಸಾಲು ಸಾಲಾಗಿ ಲಂಬಾಣಿಯಲ್ಲಿ ಬಿಡಿಸಿ ಹೇಳುತ್ತಾರೆ. ಒಬ್ಬ ನಿವೃತ್ತ ಕಂದಾಯ ನೌಕರರು ಬಂದು ಕುಳಿತರು. ಅವರೂ ಲಂಬಾಣಿಯವರೇ, ಅಷ್ಟು ವರ್ಷ ಕಚೇರಿಯಲ್ಲಿ ಕನ್ನಡದಲ್ಲೇ ಮಾತಾಡಿದವರು. ಕ್ಯಾಮೆರಾ ಮುಂದೆ ತಾಯಿಭಾಷೆಯಲ್ಲಿ ಮೊದಲ ಸಲ ಪಹಣಿ ವಿವರಿಸುವಾಗ ಅವರಿಗೆ ಮಾತು ಕಟ್ಟಿತು. ಆ ತುಣುಕನ್ನು ಕತ್ತರಿಸದೆ ಹಾಗೇ ಇಡಿ ಎಂದು ನಿರೂಪಕಿ ಹೇಳಿದರು, ಇಟ್ಟರು. ಕಾರ್ಯಕ್ರಮಕ್ಕೆ ಫೋನ್ ಬರಲು ಶುರುವಾಗಿದ್ದೇ ಅಂದಿನಿಂದ.

ಪಟ್ಟಣದ ಆಕ್ಷೇಪ

ಕನ್ನಡ ಚಾನೆಲ್‌ನಲ್ಲಿ ಬೇರೆ ಭಾಷೆ ಯಾಕೆ ಎಂದು ಪಟ್ಟಣದ ಕೆಲವು ಹುಡುಗರು ಆಪರೇಟರ್ ಅಂಗಡಿಗೆ ಬಂದರು. ಗಡಿ ಜಿಲ್ಲೆಗಳಲ್ಲಿ ಭಾಷೆ ವಿಷಯ ಸೂಕ್ಷ್ಮ. ಅವರ ಕಳವಳವನ್ನು ನಾನು ಹಗುರವಾಗಿ ನೋಡುವುದಿಲ್ಲ, ಟಿವಿಯಲ್ಲಿ ಒಳ್ಳೆಯ ಕನ್ನಡ ಕಡಿಮೆಯಾಗುತ್ತಿದೆ ಎಂಬ ನೋವು ನನಗೂ ಇದೆ. ಆಪರೇಟರ್ ಅವರನ್ನು ಕೂರಿಸಿ ಚಹಾ ತರಿಸಿದರು. ಮಾಸ್ತರನ್ನು ಕರೆಸಿದರು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸಿದ ಮಾಸ್ತರು ಅವರು. ಬಂದವರಲ್ಲಿ ಇಬ್ಬರು ಅವರ ವಿದ್ಯಾರ್ಥಿಗಳು.

ಅಲ್ಲಿ ಒಂದು ಒಪ್ಪಂದವಾಯಿತು. ಲಂಬಾಣಿ ಮಾತಿಗೆ ಕೆಳಗೆ ಕನ್ನಡ ಸಾಲು ಬರಬೇಕು. ಕೆಲಸ ಹೆಚ್ಚಾಯಿತು. ಅರ್ಧ ತಾಸಿನ ಕಾರ್ಯಕ್ರಮಕ್ಕೆ ಸಾಲು ಬರೆದು ಕೂಡಿಸಲು ಇಡೀ ದಿನ ಹಿಡಿಯುತ್ತದೆ. ಆದರೆ ಲಾಭವೂ ಆಯಿತು. ಅಕ್ಕಪಕ್ಕದ ಕನ್ನಡ ಮನೆಯವರು ನೋಡತೊಡಗಿದರು. ತಾಂಡಾದ ಶಾಲೆ ಮಕ್ಕಳು ಮನೆಯ ಮಾತು ಕೇಳುತ್ತಾ ಕನ್ನಡ ಓದುತ್ತಾರೆ. ಒಬ್ಬ ಕನ್ನಡ ಶಿಕ್ಷಕಿ ತಮ್ಮ ತರಗತಿಯ ಮಕ್ಕಳು ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಈಗ ಗೊತ್ತಾಗುತ್ತಿದೆ ಎಂದರು.

ಕಬ್ಬಿನ ಹಂಗಾಮು

ದೀಪಾವಳಿ ಮುಗಿಯುತ್ತಲೇ ತಾಂಡಾಗಳು ಖಾಲಿಯಾಗುತ್ತವೆ. ಕಬ್ಬು ಕಡಿಯಲು ಮುಧೋಳ, ಜಮಖಂಡಿ ಕಡೆ, ಸಾಂಗ್ಲಿ, ಕೊಲ್ಹಾಪುರ ಕಡೆ ಗ್ಯಾಂಗ್‌ಗಳು ಹೋಗುತ್ತವೆ. ಕೂಲಿಯವರನ್ನು ಒದಗಿಸುವ ಮುಕಾದಮನಿಂದ ಮುಂಗಡ ತೆಗೆದುಕೊಂಡಿರುತ್ತಾರೆ. ಕಟ್ಟಡ ಕೆಲಸಕ್ಕೆ ಗೋವಾ, ಪುಣೆಗೆ ಹೋಗುವವರು ಬೇರೆ. ಫೈಬರ್ ಎಳೆದ ತಾಂಡಾದ ಕಟ್ಟೆಯಲ್ಲಿ ಒಂದು ಸಂಜೆ ನೋಡಿದರೆ ಮುದುಕರು, ಮುದುಕಿಯರು, ಶಾಲೆ ಮಕ್ಕಳು ಮಾತ್ರ.

ಎಂಎಸ್‌ಓ ಕಡೆಯವರು ಮಾರ್ಚ್ ತನಕ ನಿಲ್ಲಿಸೋಣ ಎಂದರು. ನೋಡುಗರಿಲ್ಲ, ಜಾಹೀರಾತು ಇಲ್ಲ. ನಿರೂಪಕಿ ಒಪ್ಪಲಿಲ್ಲ. ಅವರೇ ಚಿಕ್ಕವರಿದ್ದಾಗ ಅಜ್ಜಿಯ ಹತ್ತಿರ ಉಳಿದು ಶಾಲೆಗೆ ಹೋದವರು. ಉಳಿದವರೇ ನಮ್ಮ ನೋಡುಗರು ಎಂದರು. ಗದ್ದೆಯಲ್ಲಿರುವವರಿಗೆ ಹೇಳಿ ಮೊಬೈಲಿನಲ್ಲಿ ಸಣ್ಣ ವಿಡಿಯೊ ಕಳಿಸಲು ಕೇಳಿದರು. ಹೆಸರು ಹೇಳಿ, ಹೇಗಿದ್ದೀವಿ ಹೇಳಿ, ಒಂದು ಹಾಡಿದ್ದರೆ ಹಾಡಿ. ಅದನ್ನು ಸಂಜೆ ಕಟ್ಟೆಯ ಟಿವಿಯಲ್ಲಿ ಹಾಕಿದರು. ಫೋನಿನಲ್ಲಿ ದಿನಾ ಮಾತಾಡುವ ಮಗನೇ ಆದರೂ, ದೊಡ್ಡ ಪರದೆಯಲ್ಲಿ, ಇಡೀ ತಾಂಡಾದ ಮುಂದೆ ಅವನು ತಾಯಿಯ ಹೆಸರು ಹೇಳಿದಾಗ ಆ ತಾಯಿಗೆ ಸಿಗುವ ಮರ್ಯಾದೆಯೇ ಬೇರೆ. ನಾನು ನೋಡಿದ ಪ್ರಸಾರದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ಕಂಡಿಲ್ಲ. ಖರ್ಚು ಬಹಳ ಕಡಿಮೆ.

ಈ ತಿಂಗಳುಗಳಲ್ಲೇ ಮಾಸ್ತರ ಬಾಡಿಗೆ ಮನೆ ಮಾತು ನಿಜವಾಯಿತು. ಪಟ್ಟಣದ ಜಾತ್ರೆಯ ನೇರಪ್ರಸಾರಕ್ಕೆ ಎಂದು ಎಂಎಸ್‌ಓ ಆ ಸಮಯವನ್ನು ಕಿತ್ತುಕೊಂಡಿತು. ಜಾತ್ರೆ ಮುಗಿದ ಮೇಲೂ ಐದು ದಿನದ ಬದಲು ವಾರಕ್ಕೆ ಮೂರೇ ದಿನ ಎಂದಿತು. ಬರೆದ ಒಪ್ಪಂದ ಇದ್ದದ್ದರಿಂದ ಮೂರಕ್ಕೆ ನಿಂತಿತು. ಇಲ್ಲವಾಗಿದ್ದರೆ ಪೂರ್ತಿ ಹೋಗುತ್ತಿತ್ತು ಎಂದು ಆಪರೇಟರ್‌ರೇ ಹೇಳುತ್ತಾರೆ.

ಹಂಚಬಾರದು ಎಂಬ ನಿಯಮ

ಕೊನೆಯ ಅಡ್ಡಿಯೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಹಕ್ಕುಪತ್ರದ ಬಗ್ಗೆ ಮಾಡಿದ ಕಾರ್ಯಕ್ರಮಗಳ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಬಾಗಲಕೋಟೆ ಜಿಲ್ಲೆಯ ಒಬ್ಬ ಆಪರೇಟರ್ ಕೇಳಿದರು, ನಮಗೂ ಕೊಡಿ, ನಮ್ಮಲ್ಲೂ ತಾಂಡಾಗಳಿವೆ ಎಂದು. ಅವರು ಬೇರೆ ಎಂಎಸ್‌ಓ ಕೆಳಗೆ ಇದ್ದಾರೆ. ಪ್ಲಾಟ್‌ಫಾರ್ಮ್ ಸರ್ವೀಸ್ ಕಾರ್ಯಕ್ರಮ ಆ ವೇದಿಕೆಗೆ ಮಾತ್ರ ಸೀಮಿತವಾಗಿರಬೇಕು, ಬೇರೆ ಪ್ರಸಾರ ವಿತರಕರ ಜೊತೆ ನೇರವಾಗಿ ಅಥವಾ ಸುತ್ತುಬಳಸಿ ಹಂಚಿಕೊಳ್ಳಬಾರದು ಎಂದು ಮಾರ್ಗಸೂಚಿ ಹೇಳುತ್ತದೆ.

ಈ ನಿಯಮದ ಉದ್ದೇಶ ಅರ್ಥವಾಗುತ್ತದೆ. ಸಾವಿರ ರೂಪಾಯಿ ಕಟ್ಟಿ, ಹತ್ತು ಎಂಎಸ್‌ಓಗಳಿಗೆ ಒಂದೇ ಚಾನೆಲ್ ಹಂಚಿ, ಕೋಟಿಗಳ ನಿಯಮವನ್ನು ತಪ್ಪಿಸಿಕೊಳ್ಳುವವರನ್ನು ತಡೆಯಬೇಕು. ಸರಿ. ಆದರೆ ಒಂದು ತಾಲ್ಲೂಕಿನಲ್ಲಿ ಸ್ವಲ್ಪ, ಪಕ್ಕದ ಜಿಲ್ಲೆಯಲ್ಲಿ ಸ್ವಲ್ಪ ಹೀಗೆ ಹರಡಿದ ಭಾಷೆಗೆ ಹಂಚಿಕೊಳ್ಳುವುದೇ ಉಸಿರು. ಒಂದೇ ಎಂಎಸ್‌ಓ ಒಳಗೆ ಅದರ ನೋಡುಗರು ಎಂದೂ ಸಾಕಷ್ಟು ಸಿಗುವುದಿಲ್ಲ. ಜಿಲ್ಲೆಗೆ ಎರಡು ಚಾನೆಲ್ ಎಂಬ ಒಳ್ಳೆಯ ನಿಯಮವೂ ಭಾಷೆ ಜಿಲ್ಲೆಯ ಗಡಿಯೊಳಗೆ ಕೂತಿದೆ ಎಂದು ಭಾವಿಸಿದೆ. ಲಂಬಾಣಿ ಹಾಗೆ ಕೂತಿಲ್ಲ. ವರ್ಷದ ಅರ್ಧ ಅದು ಕಬ್ಬಿನ ಗದ್ದೆಯಲ್ಲಿರುತ್ತದೆ.

ಗುಂಪು ಎರಡು ಹೆಜ್ಜೆ ಇಟ್ಟಿತು. ಚಿತ್ರೀಕರಣದ ಹಕ್ಕು ಗುಂಪಿನದೇ ಎಂದು ಒಪ್ಪಂದದಲ್ಲಿ ಇತ್ತಲ್ಲ, ಅದರ ಮೇಲೆ ಪ್ರಸಾರವಾದ ಒಂದು ವಾರದ ನಂತರ ತುಣುಕುಗಳನ್ನು ಯೂಟ್ಯೂಬಿಗೆ ಹಾಕುವುದಕ್ಕೆ ಎಂಎಸ್‌ಓ ಒಪ್ಪುವಂತೆ ಮಾಡಿದರು. ಕಬ್ಬಿನ ಗದ್ದೆಯಲ್ಲಿರುವವರಿಗೆ ಅದು ಮುಟ್ಟಿತು. ಬಾಗಲಕೋಟೆಯವರಿಗೆ ಸಿದ್ಧ ಕಾರ್ಯಕ್ರಮ ಕೊಡುವ ಬದಲು ಅಲ್ಲಿನ ಇಬ್ಬರು ಹುಡುಗಿಯರಿಗೆ ಕಾರ್ಯಕ್ರಮ ಮಾಡುವುದನ್ನು ನಮ್ಮ ನಿರೂಪಕಿ ಕಲಿಸಿದರು. ಅವರು ತಮ್ಮದೇ ಕಾರ್ಯಕ್ರಮ ಶುರು ಮಾಡಿದ್ದಾರೆ. ಒಂದೇ ಹಕ್ಕುಪತ್ರದ ವಿವರಣೆಯನ್ನು ಎರಡು ಕಡೆ ಎರಡು ಸಲ ಚಿತ್ರೀಕರಿಸುತ್ತಾರೆ. ನಿಯಮ ಪಾಲನೆಯಾಯಿತು, ಶ್ರಮ ದುಪ್ಪಟ್ಟಾಯಿತು.

ಮಾಸ್ತರಿಗೆ ಮಾರ್ಗಸೂಚಿಯಲ್ಲೇ ಒಂದು ಸಾಲು ಸಿಕ್ಕಿತು. ದೇವಸ್ಥಾನ, ಗುರುದ್ವಾರದಂಥ ಧಾರ್ಮಿಕ ಸ್ಥಳಗಳ ನೇರಪ್ರಸಾರಕ್ಕೆ ಈ ಹಂಚಿಕೆಯ ನಿರ್ಬಂಧ ಇಲ್ಲ. ವಿನಾಯಿತಿ ಕೊಡಲು ಸಾಧ್ಯವಿದೆ ಎಂದಾಯಿತು. ಹಾಗಾದರೆ ಎಂಟನೇ ಪರಿಚ್ಛೇದದಲ್ಲಿ ಇಲ್ಲದ ಭಾಷೆಗಳ ಕಾರ್ಯಕ್ರಮಕ್ಕೂ ಅದೇ ವಿನಾಯಿತಿ ಕೊಡಿ, ದಿನಕ್ಕೆ ಇಷ್ಟು ತಾಸು ಎಂದು ಮಿತಿ ಬೇಕಿದ್ದರೆ ಹಾಕಿ ಎಂದು ಮನವಿ ತಯಾರಾಗಿದೆ. ಎರಡನೇ ಬೇಡಿಕೆ, ಫ್ರೀ ಡಿಶ್‌ನಲ್ಲಿ ಇಂಥ ಭಾಷೆಗಳಿಗೆ ಸೇರಿ ಒಂದು ಜಾಗವನ್ನು ಹರಾಜಿಲ್ಲದೆ ಮೀಸಲಿಡುವುದು. ಲಂಬಾಣಿ, ತುಳು, ಕೊಡವ ಎಲ್ಲ ಸರದಿಯಂತೆ ಬಳಸಲಿ. ಪ್ರತ್ಯೇಕ ಲಂಬಾಣಿ ಚಾನೆಲ್ ಎಂಬ ಬೇಡಿಕೆಯನ್ನು ಮಾಸ್ತರು ಮೂರನೆಯದಾಗಿ ಬರೆಸಿದ್ದಾರೆ. ಮೊದಲು ಅದು ಒಂದನೆಯದಾಗಿತ್ತು. ಕ್ರಮ ಬದಲಿಸಿದ್ದು ಅವರೇ. ಫ್ರೀ ಡಿಶ್ ಬೇಡಿಕೆಯನ್ನು ಮೇಲೆ ಹಾಕಿ ಎಂದು ನಾಯಕರು ವಾದಿಸುತ್ತಿದ್ದಾರೆ, ಹಂಚಿಕೆಯ ವಿನಾಯಿತಿ ಬೇಗ ಸಿಗಬಹುದಾದ್ದು ಎಂದು ಅದನ್ನೇ ಮೊದಲು ಇಡಬೇಕು ಎಂಬುದು ನನ್ನ ಮಾತು.

ಮನವಿಗೆ ಬಾಗಲಕೋಟೆಯ ಗುಂಪೂ ಸಹಿ ಹಾಕಲಿದೆ. ಮಂಗಳೂರಿನ ಕೆಲವು ತುಳು ಗೆಳೆಯರನ್ನು ಕೇಳಿದ್ದೇವೆ. ತಾಂಡಾಗಳ ಸಹಿ ಮಾತ್ರ ದೀಪಾವಳಿಗೆ ಮೊದಲೇ ಆಗಬೇಕು. ಆಮೇಲೆ ಸಹಿ ಹಾಕುವವರು ಊರಲ್ಲಿ ಇರುವುದಿಲ್ಲ.